ಹಸಿರು ತಂತಿ

ನಳ್ಳಿ ಮುಟ್ಟಿದರೆ ಜುಮ್ ಅನ್ನುತ್ತದೆ, ಎಂದಳು
ನರ್ಸಿಂಗ್ ಓದುವ ಹುಡುಗಿ.
ಸ್ವಲ್ಪವೇ, ಎಂದು ಸೇರಿಸಿದರು ಫೆಲಿಸಿಟಾ ಬಾಯಿ,
ಅಭ್ಯಾಸ ಆಗಿದೆ ಮಾರಾಯ್ರೆ ಅವಕ್ಕೆ,
ಚಪ್ಪಲಿ ಹಾಕಿಕೊಂಡೇ ಮೀಯುತ್ತವೆ.

ಮೂರು ಲೀಟರಿನ ಬಿಳಿ ಡಬ್ಬಿ,
ಗೋಡೆಯಲ್ಲಿ ಕೂತರೆ ಮೊಲದ ಮರಿಯಷ್ಟು ಪಾಪ.
ಒಳಗೆ ಮೂರು ಸಾವಿರ ವ್ಯಾಟಿನ ಹಸಿವು.
ಹದಿಮೂರು ಆಂಪಿಯರ್ ಎಳೆಯುವ ಬಾಯಿಗೆ ಯಾರೋ
ಮೊಬೈಲು ಚುಚ್ಚುವ ಸಣ್ಣ ಪ್ಲಗ್ಗು ಕೊಟ್ಟಿದ್ದಾರೆ,
ಅದರ ಮುಖ ಕಾವಲಿಯಲ್ಲಿ ಮರೆತ ನೀರುದೋಸೆ.

ಟೆಸ್ಟರ್ ಇಟ್ಟೆ ನಳ್ಳಿಗೆ.
ಕೆಂಪಗೆ ಕಣ್ಣು ಬಿಟ್ಟಿತು.

ಕೆಂಪು ತಂತಿ ತರುತ್ತದೆ ಬಾಯಿ,
ಕಪ್ಪು ಕೊಂಡುಹೋಗುತ್ತದೆ,
ಹಸಿರು ಏನೂ ಮಾಡುವುದಿಲ್ಲ.
ಹಾಗಾದರೆ ಎಂತಕ್ಕೆ ಅದು, ದುಡ್ಡು ದಂಡ?
ಧಕ್ಕೆಯಲ್ಲಿ ನೋಡಿದ್ದೀರಲ್ಲ,
ಬೋಟಿನ ಪಕ್ಕೆಗೆ ಹಳೇ ಟಯರು ನೇತಾಡುವುದು?
ಅದು ಬೋಟು ಓಡಿಸುವುದಿಲ್ಲ, ಬಂಗುಡೆ ಹಿಡಿಯುವುದಿಲ್ಲ.
ಗುದ್ದುವ ದಿನಕ್ಕಾಗಿ ಸುಮ್ಮನೆ ನೇತಾಡಿಕೊಂಡಿರುತ್ತದೆ.

ಹೀಗೆ ಹೇಳುತ್ತ ಪೆಟ್ಟಿಗೆ ಬಿಚ್ಚಿದೆ.
ಹಸಿರು ತಂತಿ ಇತ್ತು.
ಗೋಡೆಯೊಳಗೆ ಮೂರು ಬೆರಳಷ್ಟು ಹೋಗಿ
ಮಡಚಿ ಕೂತಿತ್ತು, ತುದಿಗೆ ಕಪ್ಪು ಟೇಪು.
ಎಲ್ಲಿಗೂ ಹೋಗಿರಲಿಲ್ಲ.

ಟೇಪಿನ ಕೊನೆ ಹಲ್ಲಿನಿಂದ ಕಚ್ಚಿ ಹರಿದದ್ದು,
ನಡುವೆ ಒಂದು ಸೊಟ್ಟ ಎಳೆ ಬಿಟ್ಟು.
ನಾಲಗೆ ತನ್ನಷ್ಟಕ್ಕೇ ಹೋಯಿತು
ಏಳನೇ ಕ್ಲಾಸಿನಲ್ಲಿ ಲಗೋರಿ ಆಡುವಾಗ ಮುರಿದ
ನನ್ನ ಮುಂದಿನ ಹಲ್ಲಿಗೆ.

ಹದಿನಾರು ವರ್ಷ ನನಗಾಗ.
ರಾಕಿ ಪೊರ್ಬುಗಳ ಹಿಂದೆ ಸುತ್ತಿಗೆ ಹೊತ್ತು ಜೆಪ್ಪು ತಿರುಗುತ್ತಿದ್ದೆ.
ಮುರಕಲ್ಲು ಒಡೆದು ಹೊಂಡ ತೋಡಲು ಯಾರಿಗುಂಟು ಪುರುಸೊತ್ತು,
ಹೊರಗೆ ಹಸಿರು ಕಂಡರಾಯ್ತು,
ಗೋಡೆಯ ಒಳಗಿನದ್ದು ದೇವರು ನೋಡಿಕೊಳ್ಳುತ್ತಾನೆ, ಎಂದಿದ್ದರು.

ಆಗ ಇಲ್ಲಿ ತೆಂಗಿನ ಸಿಪ್ಪೆಯ ಒಲೆ ಇತ್ತು,
ಪಾಯಿಂಟು ಬರೀ ಒಂದು ದೀಪಕ್ಕೆ,
ಎಂದು ನನಗೇ ನಾನು ವಾದಿಸಿದೆ.
ವಾದ ಹಳೇ ಟೇಪಿನಷ್ಟೇ ಅಂಟಿತು.
ಇಪ್ಪತ್ತನಾಲ್ಕು ವರ್ಷ.
ಎಷ್ಟು ಜನ ಕಣ್ಣಿಗೆ ಸೋಪು ಹೋದಾಗ
ಬರಿಗೈಯಲ್ಲಿ ತಡಕಿದ್ದಾರೋ ಈ ನಳ್ಳಿಯನ್ನು.

ಎರಡು ದಿನ ಜೀಗುಜ್ಜೆ ಮರದ ಬುಡದಲ್ಲಿ ಮುರಕಲ್ಲು ಒಡೆದೆ.
ಪೈಪು ಇಳಿಸಿ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು.
(ಹತ್ತು ಕಿಲೋ ಕಲ್ಲುಪ್ಪಾ? ಮೀನು ಒಣಗಿಸುತ್ತೀಯಾ?
ಅಂಗಡಿಯ ಮೊನಬ್ಬ ನಕ್ಕಿದ್ದ.)
ದಪ್ಪ ತಂತಿ ಎಳೆದೆ, ಸ್ವಿಚ್ಚನ್ನು ಬಚ್ಚಲಿನಿಂದ ಹೊರಗೆ ತಂದೆ,
ಮೀಟರಿನ ಪಕ್ಕ ಕರೆಂಟು ಸೋರಿದರೆ ಬೀಳುವ ಟ್ರಿಪ್ಪರು.
ಬಾಯಿ, ಮೇಯಲ್ಲಿ ಹೊಂಡಕ್ಕೆ ಆದಿತ್ಯವಾರಕ್ಕೊಂದು ಕೊಡ ನೀರು ಹೊಯ್ಯಿ.
ಒಣಗಿದರೆ ಮಣ್ಣಿಗೂ ಕಿವಿ ಮಂದ.

ತಿಂಗಳಿಗೊಮ್ಮೆ ಈ ಗುಂಡಿ ಒತ್ತಿ, ಎಂದು ಒತ್ತಿ ತೋರಿಸಿದೆ.
ಮನೆಯಿಡೀ ಕತ್ತಲು.
ಮಿಕ್ಸಿ ಅರ್ಧ ಅರೆದ ಮಸಾಲೆಯಲ್ಲಿ ನಿಂತಿತು,
ಮಹಡಿಯಲ್ಲಿ ಹುಡುಗಿಯರು ಕಿರುಚಿದರು,
ಬಾಯಿ ಕೊಂಕಣಿಯಲ್ಲಿ ನನ್ನ ಅಜ್ಜನವರೆಗೂ ಬೈದರು.
ಅಷ್ಟು ಹಾಯಾದ ಬೈಗುಳ ನಾನು ಕೇಳಿದ್ದಿಲ್ಲ.

ಮಾಲಿನ ದುಡ್ಡು ಮಾತ್ರ ತೆಗೆದುಕೊಂಡೆ.
ಮಜೂರಿ ಬೇಡವಾ? ಕನ್ನಡಕದ ಮೇಲಿನಿಂದ ನೋಡಿದರು,
ಎಂತ, ಸೆಕೆಂಡ್ ಹ್ಯಾಂಡ್ ಮಾಲಾ?
ಹೇಳಬೇಕೆಂದು ಬಾಯಿ ತೆರೆದೆ.
ಮುರುಕು ಹಲ್ಲು ಕಂಡಿರಬೇಕು, ಅಷ್ಟೇ.

ರಾತ್ರಿ ಬಿಲ್ಲಿನ ಹಿಂದೆ ಬರೆದೆ, ಆ ವರ್ಷದ ಮನೆಗಳು:
ಮಾರ್ನಮಿಕಟ್ಟೆಯಲ್ಲಿ ಎರಡು,
ಬಾಬುಗುಡ್ಡೆಯ ಟೈಲರನದ್ದು,
ಮೋರ್ಗನ್ಸ್ ಗೇಟಿನದ್ದು ಈಗ ಫ್ಲಾಟು, ಹೊಡೆದುಹಾಕಬಹುದು.
ನೆನಪಾದದ್ದು ಹನ್ನೊಂದು.

ಬೆಳಿಗ್ಗೆ ಮೊದಲನೆಯದರ ಮೆಟ್ಟಿಲು ಹತ್ತಿದೆ.
ಬೆಲ್ಲು ಒತ್ತಲು ಹೋದ ಬೆರಳು ನಿಂತಿತು.
ಅದೂ ನನ್ನದೇ ವಯರಿಂಗು.
ಬಾಗಿಲು ತಟ್ಟಿದೆ.